ಸುರಂಗ ಇದೆಯಂತೆ

ನಮ್ಮೂರ ಬೆಟ್ಟದ ಬಗ್ಗೆ ಬರೀಬೇಕು ಅಂತ ಕೂತು ಎಷ್ಟು ಸಲ ಎದ್ದು ಹೋಗಿದ್ದೀನೋ ಲೆಕ್ಕವಿಲ್ಲ. ಹುಟ್ಟಿದಾಗಿನಿಂದ ಹಿತ್ತಲಿನಿಂದ ಕಾಣ್ತಿರೋ ಬೆಟ್ಟ. ಅದರ ಬಗ್ಗೆ ಏನಂತ ಬರೆಯೋದು? ಕೊನೆಗೂ ಬರೆಯೋ ದಾರಿ ಸಿಕ್ಕಿತು. ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಉತ್ತರಕ್ಕೆ, ಮರಗಳೇ ಅಪರೂಪವಾದ ಒಂದು ದ್ವೀಪದಲ್ಲಿ. ನಗಬೇಡಿ, ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಕಾಫಿ ತಂದಿಟ್ಕೊಂಡು ಕೂತ್ಕೊಳ್ಳಿ :-)

ಮೊದಲು ಬೆಟ್ಟದ ಪರಿಚಯ. ಹೊಸಕೋಟೆ ಕಡೆಯಿಂದ ಚಿಂತಾಮಣಿಗೆ ಬಸ್ಸಿನಲ್ಲಿ ಬಂದವರು ನೋಡಿಯೇ ಇರ್ತೀರಿ. ಕೈವಾರ ದಾಟಿ ಊರು ಹತ್ತಿರವಾಗ್ತಿದ್ದಂತೆ ಜೊತೆ ಜೊತೆಗೆ ಎರಡು ಬೆಟ್ಟ ಕಾಣುತ್ತವೆ. ಒಂದು ಅಂಬಾಜಿದುರ್ಗ, ಇನ್ನೊಂದು ರಹಮಾನ್‌ಗಢ. ಅಂಬಾಜಿದುರ್ಗ ಸಮುದ್ರ ಮಟ್ಟದಿಂದ ಸುಮಾರು 4,400 ಅಡಿ ಎತ್ತರ. ಅಂದರೆ ನಂದಿ ಬೆಟ್ಟಕ್ಕಿಂತ ನಾನೂರು ಚಿಲ್ಲರೆ ಅಡಿ ಕಡಿಮೆ. ಮೇಲೆ ಕೋಟೆ ಗೋಡೆ ಇದೆ, ಕುಸಿದ ಬುರುಜುಗಳಿವೆ, ಚಾವಣಿ ಹೋಗಿ ಬರೀ ಗೋಡೆ ಉಳಿದ ಕಟ್ಟಡಗಳಿವೆ, ಬಂಡೆಗಳ ನಡುವೆ ನೀರು ನಿಲ್ಲೋ ದೊಣೆಗಳಿವೆ. ನಂದಿಗಿರೋ ಹೆಸರು ಇದಕ್ಕಿಲ್ಲ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಗೈಡೂ ಇಲ್ಲ. ಪಕ್ಕದ ಕೈಲಾಸಗಿರಿಯಲ್ಲಿ ಬಂಡೆ ಕೊರೆದು ಗುಹಾ ದೇವಸ್ಥಾನ ಮಾಡಿದ ಮೇಲೆ ಜನ ಬರೋದು ಜಾಸ್ತಿಯಾಯಿತು. ಆದರೆ ಬಹಳಷ್ಟು ಜನ ಅಲ್ಲಿ ಕೈ ಮುಗಿದು, ಇತ್ತ ಬೆಟ್ಟದ ಕಡೆ ಒಮ್ಮೆ ಕತ್ತೆತ್ತಿ ನೋಡಿ ವಾಪಸ್ ಹೋಗ್ತಾರೆ.

ನಾನು ಹುಟ್ಟಿದಾಗ ಇದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಬೆಟ್ಟ ಮಾತ್ರ ಇದ್ದಲ್ಲೇ ಇದೆ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಅಪ್ಪನಿಗೆ ಎರಡು ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕೋದು, ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕೋದು. ಇದು ಕೆಲಸ. ಅಪ್ಪನಿಗೆ ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಯಾರೂ ದುಡ್ಡು ಕೊಡ್ತಿರಲಿಲ್ಲ. ಭಾನುವಾರ ಬೆಂಗಳೂರಿನಿಂದಲೋ ಕೋಲಾರದಿಂದಲೋ ಯಾರಾದರೂ ಬಂದು "ಬೆಟ್ಟಕ್ಕೆ ದಾರಿ ಯಾವುದು ಯಜಮಾನ್ರೇ?" ಅಂತ ಕೇಳಿದರೆ ಸಾಕು, ಅಪ್ಪ ದಾರಿ ತೋರಿಸ್ತಿರಲಿಲ್ಲ. ಟವಲ್ ತಲೆಗೆ ಸುತ್ತಿ, ಕೋಲು ಹಿಡಿದು, ಅವರ ಜೊತೆಗೇ ಹೊರಟುಬಿಡ್ತಿದ್ದರು. ಅಮ್ಮ "ಹುಳಕ್ಕೆ ಸೊಪ್ಪು ಹಾಕೋರು ಯಾರು?" ಅಂತ ಹಿಂದಿನಿಂದ ಕೂಗ್ತಿದ್ದಳು.

ಹತ್ತೋ ದಾರಿಯುದ್ದಕ್ಕೂ ಅಪ್ಪನ ಕಥೆ. ಮೊದಲನೇ ಬಂಡೆ ಹತ್ತಿರ ಭೀಮ. ನಿಮಗೆ ಗೊತ್ತಿರಬಹುದು, ಕೈವಾರವೇ ಮಹಾಭಾರತದ ಏಕಚಕ್ರಪುರ ಅನ್ನೋದು ನಮ್ಮ ಕಡೆಯ ನಂಬಿಕೆ. ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ. ಎರಡನೇ ಬಾಗಿಲ ಹತ್ತಿರ ಟಿಪ್ಪು, ಅವನ ಕುದುರೆಗಳು. ಆಮೇಲೆ ಕೈವಾರ ತಾತಯ್ಯನವರು, ಅವರು ಬಳೆ ಮಾರ್ತಾ ಊರೂರು ತಿರುಗಿದ್ದು, ಕಾಲಜ್ಞಾನ ಹೇಳಿದ್ದು. ಕೊನೆಗೆ ತುದಿಯಲ್ಲಿ, ಒಂದು ಬಂಡೆಯ ಸಂದಿ ತೋರಿಸಿ ಸುರಂಗದ ಕಥೆ. ಇದೇ ಅಪ್ಪನ ಕೊನೇ ಐಟಂ. ಅದನ್ನು ಕೇಳಿದ ಮೇಲೆ ಬಂದವರೆಲ್ಲ ಸಂದಿಯೊಳಗೆ ಇಣುಕಿ ನೋಡಿ, ಕಲ್ಲು ಎಸೆದು ಸದ್ದು ಕೇಳಿ, ಖುಷಿಯಾಗಿ ಇಳಿದು ಹೋಗ್ತಿದ್ದರು.

ಈಗ ನನ್ನ ತಪ್ಪಿನ ಕಥೆ.

1996. ನಾನು ಬೆಂಗಳೂರಿನಲ್ಲಿ ಡಿಗ್ರಿ ಎರಡನೇ ವರ್ಷ. ಹಾಸ್ಟೆಲಿನ ನಾಲ್ಕು ಜನ ಗೆಳತಿಯರನ್ನು ಊರಿಗೆ ಕರ್ಕೊಂಡು ಬಂದಿದ್ದೆ. ಎಲ್ಲರೂ ಪೇಟೆಯವರು, ಚೆನ್ನಾಗಿ ಇಂಗ್ಲಿಷ್ ಮಾತಾಡೋರು. ನನಗೆ ಒಳಗೊಳಗೇ ಅಳುಕು. ಮನೆಯ ಕೊಟ್ಟಿಗೆ, ಹುಳದ ಮನೆಯ ವಾಸನೆ, ಅಮ್ಮನ ಮುದ್ದೆ, ಎಲ್ಲವನ್ನೂ ಅವರ ಕಣ್ಣಿಂದಲೇ ನೋಡ್ತಾ ಕುಗ್ಗಿ ಹೋಗ್ತಿದ್ದೆ. ಬೆಳಗ್ಗೆ ಅಪ್ಪ ಎಲ್ಲರನ್ನೂ ಬೆಟ್ಟ ಹತ್ತಿಸಿದರು. ಭೀಮ ಆಯಿತು, ಟಿಪ್ಪು ಆಯಿತು. ತುದಿಯಲ್ಲಿ ಸುರಂಗದ ಕಥೆ ಶುರುವಾದಾಗ ಒಬ್ಬಳು ಇನ್ನೊಬ್ಬಳ ಮುಖ ನೋಡಿ ನಕ್ಕಳು. ಅಷ್ಟೇ. ಏನೂ ಕೆಟ್ಟದ್ದಾಗಿ ನಗಲಿಲ್ಲ ಪಾಪ. ಆದರೆ ನಾನು ಧುಮ್ಮಂತ ಹೇಳಿಬಿಟ್ಟೆ, "ಅಪ್ಪಾ ಸಾಕು ನಿಲ್ಲಿಸು. ಸುರಂಗ ಗಿರಂಗ ಏನೂ ಇಲ್ಲ. ಏನೇನೋ ಸುಳ್ಳು ಹೇಳ್ಬೇಡ."

ಅಪ್ಪ ಬೈಯಲಿಲ್ಲ. "ಸರಿ ಬಿಡಮ್ಮ" ಅಂದರು. ಟವಲ್ ಬಿಚ್ಚಿ ಮುಖ ಒರೆಸಿಕೊಂಡರು. ಇಳಿಯುವಾಗ ಒಂದು ಮಾತೂ ಆಡಲಿಲ್ಲ.

ಅದಾದ ಮೇಲೆ ಅಪ್ಪ ಕಥೆ ಹೇಳೋದು ಬಿಟ್ಟರು ಅಂತ ನನಗೆ ಗೊತ್ತಾಗೋಕೆ ಎಷ್ಟೋ ವರ್ಷ ಹಿಡಿಯಿತು. ಅಮ್ಮ ಒಮ್ಮೆ ಮಾತಿನ ಮಧ್ಯೆ ಅಂದಳು, "ಯಾರಾದ್ರೂ ಬಂದ್ರೆ ಈಗ ದಾರಿ ತೋರಿಸಿ ಬಂದ್ಬಿಡ್ತಾರೆ. ಏನಾದ್ರೂ ಕೇಳಿದ್ರೆ, ನಂಗೇನು ಗೊತ್ತಪ್ಪ, ಓದಿದೋರನ್ನ ಕೇಳಿ ಅಂತಾರೆ." ನನಗೆ ಚುರುಕ್ ಅಂತು. ಆದರೂ ಏನು ಮಾಡೋದು ಅಂತ ತಿಳಿಯಲಿಲ್ಲ. ಸುರಂಗ ಇಲ್ಲ ಅನ್ನೋದು ನಿಜವೇ ತಾನೆ? ನಿಜ ಹೇಳಿದ್ದು ತಪ್ಪಾ? ಹೀಗೆ ನನಗೆ ನಾನೇ ವಾದ ಮಾಡ್ಕೊಂಡು ಸುಮ್ಮನಾಗಿದ್ದೆ.

ಈಗ ದ್ವೀಪಕ್ಕೆ ಬರೋಣ.

ನನ್ನ ತಮ್ಮ ಕೆಲಸದ ಮೇಲೆ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದ. 2019ರ ಜೂನ್‌ನಲ್ಲಿ ಅವನ ಮನೆಗೆ ಹೋಗಿದ್ದಾಗ "ಅಕ್ಕ, ಲಂಡನ್ನು ಎಲ್ಲರೂ ನೋಡ್ತಾರೆ, ನಿನ್ನ ಆರ್ಕ್ನಿಗೆ ಕರ್ಕೊಂಡು ಹೋಗ್ತೀನಿ" ಅಂದ. ಭೂಪಟದಲ್ಲಿ ನೋಡಿದರೆ ಸ್ಕಾಟ್ಲೆಂಡ್ ಮುಗಿದು, ಸಮುದ್ರ ಶುರುವಾಗಿ, ಅದರಾಚೆ ಚೆಲ್ಲಿದ ಹುರಿಗಡಲೆ ಥರ ಎಪ್ಪತ್ತರಷ್ಟು ದ್ವೀಪಗಳು. ಜನ ಇರೋದು ಇಪ್ಪತ್ತು ಚಿಲ್ಲರೆ ದ್ವೀಪದಲ್ಲಿ ಮಾತ್ರ. ಎಲ್ಲ ಸೇರಿಸಿದರೂ ಇಪ್ಪತ್ತೆರಡು ಸಾವಿರದಷ್ಟು ಜನ. ನಮ್ಮ ಚಿಂತಾಮಣಿ ಪೇಟೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಸಂಜೆ ಹೊರಟ ಹಡಗು ಕರ್ಕ್‌ವಾಲ್ ಬಂದರು ಮುಟ್ಟಿದಾಗ ರಾತ್ರಿ ಹನ್ನೊಂದು. ಆಕಾಶದಲ್ಲಿ ಇನ್ನೂ ಬೆಳಕು! ನಮ್ಮೂರಲ್ಲಿ ಗೋಧೂಳಿ ಹೊತ್ತಿಗೆ ಇರುತ್ತಲ್ಲ, ಅಂಥದ್ದು.

ಮಾರನೇ ದಿನ ಒಂದು ಮಿನಿ ಬಸ್ ಪ್ರವಾಸಕ್ಕೆ ತಮ್ಮ ಟಿಕೆಟ್ ಮಾಡಿಸಿದ್ದ. ಹದಿನಾರು ಜನ, ಒಬ್ಬ ಗೈಡಮ್ಮ. ಅರವತ್ತು ದಾಟಿದ ಹೆಂಗಸು, ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದವರು, ಅಲ್ಲೇ ಹುಟ್ಟಿ ಬೆಳೆದವರು. ಕೈಯಲ್ಲಿ ಮೈಕಿಲ್ಲ, ಕಾಗದ ಇಲ್ಲ. ದೊಡ್ಡ ಮಳೆ ಕೋಟು, ದೊಡ್ಡ ಗಂಟಲು.

ಮೊದಲು ಬ್ರಾಡ್ಗರ್ ಕಲ್ಲುಗಳ ವೃತ್ತ. ಎರಡು ಸರೋವರಗಳ ನಡುವೆ, ಬೋಳು ಬಯಲಿನಲ್ಲಿ, ಆಳೆತ್ತರಕ್ಕಿಂತ ಎತ್ತರದ ಕಲ್ಲುಗಳು ದುಂಡಗೆ ನಿಂತಿವೆ. ವೃತ್ತ ನೂರು ಮೀಟರಿಗಿಂತ ಸ್ವಲ್ಪ ಅಗಲ. ಮೊದಲು ಅರವತ್ತು ಕಲ್ಲು ಇದ್ದವು ಅನ್ನೋದು ಅಂದಾಜು, ಈಗ ಉಳಿದಿರೋದು ಮೂವತ್ತಾರು. ನಾಲ್ಕೂವರೆ ಸಾವಿರ ವರ್ಷದ್ದು. ಗಾಳಿ ಅಂದರೆ ಗಾಳಿ! ತಮ್ಮನ ಹೆಂಡತಿ ಕಟ್ಟಿ ತಂದಿದ್ದ ಚಿತ್ರಾನ್ನದ ಡಬ್ಬಿ ತೆಗೆದರೆ ಕಡಲೆಬೀಜ ಹಾರಿ ಹೋಗ್ತಿತ್ತು. ಒಂದು ಕಲ್ಲಿನ ಮರೆಯಲ್ಲಿ ನಿಂತು ತಿಂದೆವು.

ಗೈಡಮ್ಮ ಕಥೆ ಶುರು ಮಾಡಿದರು. ಇವೆಲ್ಲ ರಾಕ್ಷಸರು. ರಾತ್ರಿಯಿಡೀ ಕುಣಿತಾ ಕುಣಿತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸೂರ್ಯ ಹುಟ್ಟಿಬಿಟ್ಟ, ನಿಂತಲ್ಲೇ ಕಲ್ಲಾದರು. ಅಗೋ ಆ ದೂರದಲ್ಲಿ ಒಂಟಿಯಾಗಿ ನಿಂತಿದೆಯಲ್ಲ, ಅವನು ಪಿಟೀಲು ನುಡಿಸ್ತಿದ್ದವನು. ನಾನು ಮನಸ್ಸಿನಲ್ಲೇ ಅಂದ್ಕೊಂಡೆ, ಅಯ್ಯೋ ಇದು ನಮ್ಮಪ್ಪನ ಭೀಮನ ಕಥೆ ಥರಾನೇ ಇದೆಯಲ್ಲ. ಯಾರಾದರೂ ನಗ್ತಾರಾ ಅಂತ ಸುತ್ತ ನೋಡಿದೆ. ಎಲ್ಲರೂ ನಗ್ತಿದ್ದರು, ಆದರೆ ಕಥೆ ಕೇಳೋ ಖುಷಿಗೆ ನಗ್ತಿದ್ದರು.

ಕಥೆ ಮುಗಿಸಿ ಗೈಡಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ನಿಂತರು. "ಇದು ನಮ್ಮ ಅಜ್ಜಿಯರು ಹೇಳೋದು. ಈಗ ಅಗೆದು ನೋಡಿದವರು ಹೇಳೋದು ಕೇಳಿ" ಅಂತ ಸುತ್ತಲಿನ ಕಂದಕ, ಕಲ್ಲು ತಂದ ಜಾಗ, ಎಷ್ಟು ಜನ ಎಷ್ಟು ದಿನ ದುಡಿದಿರಬಹುದು ಅನ್ನೋದನ್ನೆಲ್ಲ ಹೇಳಿದರು. ಯಾರೋ "ಇದನ್ನ ಯಾಕೆ ಕಟ್ಟಿದ್ರು?" ಅಂತ ಕೇಳಿದರು. ಆಯಮ್ಮ ಸ್ವಲ್ಪವೂ ಹಿಂಜರಿಯದೆ "ಗೊತ್ತಿಲ್ಲ" ಅಂದರು. ಟಿಕೆಟ್ ದುಡ್ಡು ತಗೊಂಡ ಗೈಡು "ಗೊತ್ತಿಲ್ಲ" ಅನ್ನೋದನ್ನ ನಾನು ಅಲ್ಲೇ ಮೊದಲು ನೋಡಿದ್ದು!

ಅಲ್ಲಿಂದ ಸ್ವಲ್ಪ ದೂರದ ಸ್ಟೆನೆಸ್ ಎಂಬಲ್ಲಿ ಮೊದಲು ತೂತಿದ್ದ ಒಂದು ಕಲ್ಲಿತ್ತು. ಪ್ರೀತಿಸಿದವರು ಆ ತೂತಿನಲ್ಲಿ ಕೈ ತೂರಿಸಿ ಒಬ್ಬರ ಕೈ ಒಬ್ಬರು ಹಿಡಿದು ಆಣೆ ಮಾಡಿದರೆ ಮದುವೆಯಾದಂತೆ. 1814ರಲ್ಲಿ ಅಲ್ಲಿ ಗುತ್ತಿಗೆಗೆ ಹೊಲ ಮಾಡ್ತಿದ್ದ, ಹೊರಗಿನಿಂದ ಬಂದ ಒಬ್ಬ ರೈತ "ಜನ ನನ್ನ ಹೊಲ ತುಳೀತಾರೆ" ಅಂತ ಆ ಕಲ್ಲನ್ನೇ ಒಡೆದು ಹಾಕಿದ. ಊರಿನವರು ಅವನ ಮನೆಗೆ ಬೆಂಕಿ ಇಡೋಕೆ ಹೋಗಿದ್ದರಂತೆ. ಕೇಳ್ತಾ ಕೇಳ್ತಾ ನನಗೆ ನಮ್ಮ ಜಿಲ್ಲೆಯ ಕಲ್ಲು ಕ್ವಾರಿಗಳು ಕಣ್ಮುಂದೆ ಬಂದವು. ನಾವು ಎಷ್ಟು ಬಂಡೆ, ಎಷ್ಟು ಗುಡ್ಡ ಜಲ್ಲಿಯಾಗಿ ಲಾರಿ ಹತ್ತಿ ಹೋಗೋದು ನೋಡಿಲ್ಲ! ಒಂದೊಂದು ಬಂಡೆಯ ಜೊತೆ ಒಂದೊಂದು ಕಥೆಯೂ ಜಲ್ಲಿಯಾಗಿರುತ್ತೆ. ಕಥೆ ಗೊತ್ತಿದ್ದವರು ಇದ್ದರೆ ಕನಿಷ್ಠ ಸಿಟ್ಟಾದರೂ ಬರುತ್ತೆ. ಕಥೆ ಹೇಳೋರೇ ಸುಮ್ಮನಾದರೆ ಅದು ಬರೀ ಕಲ್ಲು.

ಆಮೇಲೆ ಮೇಸ್‌ಹೌ. ಹೊರಗಿನಿಂದ ನೋಡಿದರೆ ಹಸಿರು ಹುಲ್ಲಿನ ದಿಬ್ಬ, ಒಳಗೆ ಐದು ಸಾವಿರ ವರ್ಷದ ಕಲ್ಲಿನ ಸಮಾಧಿ. ಇಲ್ಲಿ ಗೈಡ್ ಇಲ್ಲದೆ ಒಳಗೆ ಬಿಡೋದೇ ಇಲ್ಲ, ಅದಕ್ಕೆ ಅಂತ ಬೇರೆ ಗೈಡ್ ಬರ್ತಾರೆ. ಉದ್ದನೆ ಸುರಂಗದಂಥ ದಾರಿಯಲ್ಲಿ ನಡು ಬಗ್ಗಿಸಿ ಹೋಗಬೇಕು. ಚಳಿಗಾಲದಲ್ಲಿ, ಹಗಲು ಅತಿ ಚಿಕ್ಕದಾಗಿರೋ ದಿನಗಳಲ್ಲಿ ಮುಳುಗೋ ಸೂರ್ಯನ ಬೆಳಕು ಈ ದಾರಿಯಲ್ಲಿ ನೇರ ಒಳಗೆ ಬಂದು ಹಿಂದಿನ ಗೋಡೆಗೆ ಬೀಳುತ್ತೆ. ಒಳಗೆ ನೆಟ್ಟಗೆ ನಿಂತಾಗ ಆ ಹುಡುಗ ಟಾರ್ಚ್ ಬಿಟ್ಟ. ಗೋಡೆ ಮೇಲೆಲ್ಲ ಗೀಚು! 12ನೇ ಶತಮಾನದಲ್ಲಿ ನಾರ್ಸ್ ಜನ, ಅಂದರೆ ವೈಕಿಂಗರ ಕಡೆಯವರು, ಚಾವಣಿ ಒಡೆದು ಒಳಗೆ ನುಗ್ಗಿ ತಮ್ಮ ರೂನ್ ಲಿಪಿಯಲ್ಲಿ ಬರೆದದ್ದು. ಮೂವತ್ತಕ್ಕೂ ಹೆಚ್ಚು ಬರಹಗಳು. ಏನಿದೆ ಅಂತೀರಿ? ಇಂಥವನು ಇದನ್ನು ಕೆತ್ತಿದ. ಇಂಥ ಹೆಣ್ಣು ಬಲು ಚೆಲುವೆ. ಇಲ್ಲಿದ್ದ ನಿಧಿಯನ್ನು ಆಗಲೇ ಹೊತ್ತುಕೊಂಡು ಹೋದರು. ಹೀಗೇ. ನಮ್ಮ ಕೋಟೆ ಗೋಡೆಗಳ ಮೇಲೆ ಬಾಣ ಚುಚ್ಚಿದ ಹೃದಯ ಬರೆದು ಹೆಸರು ಹಾಕೋ ಹುಡುಗರಿಗೂ ಇವರಿಗೂ ಏನು ವ್ಯತ್ಯಾಸ? ನಿಧಿಗಳ್ಳರೂ ಅದೇ ಜಾತಿ. ನಾನು ನಗು ತಡೆಯಲಾರದೆ "ಈಗ ನಾನೂ ಹೆಸರು ಬರೆದರೆ?" ಅಂತ ಕೇಳಿದೆ. "ಎಂಟುನೂರು ವರ್ಷ ತಡವಾಗಿ ಬಂದ್ರಿ, ಈಗ ಪೊಲೀಸರು ಬರ್ತಾರೆ" ಅಂದ. ನಕ್ಕೆ. ಆದರೆ ಒಳಗೊಳಗೇ ಕಳ್ಳಿ ಥರ ಆಯಿತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಸಂಜೆ ವಾಪಸ್ ಬರುವಾಗ ಸ್ಕಾಪಾ ಫ್ಲೋ ಎಂಬ ದೊಡ್ಡ ಕೊಲ್ಲಿಯ ದಡದಲ್ಲಿ ಬಸ್ ನಿಲ್ಲಿಸಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ 74 ಯುದ್ಧ ಹಡಗುಗಳನ್ನು ಅಲ್ಲಿ ತಂದು ಕೂಡಿಟ್ಟಿದ್ದರು. 1919ರ ಜೂನ್ 21ರಂದು ಜರ್ಮನ್ ನಾವಿಕರು ತಮ್ಮ ಹಡಗುಗಳಿಗೆ ತಾವೇ ನೀರು ನುಗ್ಗಿಸಿ ಮುಳುಗಿಸಿದರು, 52 ಹಡಗು ತಳ ಸೇರಿದವು. ನಾವು ಹೋದ ತಿಂಗಳಿಗೆ ಸರಿಯಾಗಿ ನೂರು ವರ್ಷ. ಅವತ್ತೇ ಅಲ್ಲಿನ ಶಾಲೆಯ ಮಕ್ಕಳು ದೋಣಿಯಲ್ಲಿ ಪ್ರವಾಸ ಹೊರಟಿದ್ದರು, ಜರ್ಮನ್ ಹಡಗು ನೋಡೋಕೆ ಅಂತ! ಅವರ ಕಣ್ಣೆದುರಿಗೇ ಒಂದೊಂದೇ ಹಡಗು ವಾಲಿ ಮುಳುಗಿತು. ಇದನ್ನು ಹೇಳುವಾಗ ಗೈಡಮ್ಮನ ದನಿ ಬೇರೆಯಾಗಿತ್ತು. "ಇದು ಅಜ್ಜಿಕಥೆಯಲ್ಲ, ಅಗೆದವರು ಹೇಳಿದ್ದೂ ಅಲ್ಲ. ಆ ಮಕ್ಕಳು ಮುದುಕರಾಗೋವರೆಗೂ ಬದುಕಿದ್ದು, ಕಂಡದ್ದನ್ನ ಕಂಡ ಹಾಗೆ ನಮಗೆ ಹೇಳಿದರು" ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಹೊರಗೆ ಕತ್ತಲೂ ಆಗ್ತಿರಲಿಲ್ಲ ಬಿಡಿ :-) ಮೂರು ಬಗೆಯ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಜ್ಜಿಯರು ಹೇಳೋದು, ಅಗೆದವರು ಹೇಳೋದು, ಕಣ್ಣಾರೆ ಕಂಡದ್ದು. ಆಯಮ್ಮ ಒಂದೊಂದಕ್ಕೂ ಒಂದೊಂದು ವಾಕ್ಯ ಸೇರಿಸಿ, ಇದು ಅದು, ಅದು ಇದು ಅಂತ ಬಿಡಿಸಿ ಬಿಡಿಸಿ ಹೇಳ್ತಿದ್ದರು. ಇಂಗ್ಲಿಷಿನಲ್ಲಿ ಹಾಗೆ ಹೇಳಲೇಬೇಕು. ಆಗ ಥಟ್ಟಂತ ಹೊಳೆಯಿತು ನೋಡಿ. ಕನ್ನಡದಲ್ಲಿ ಅದಕ್ಕೆ ಇಡೀ ವಾಕ್ಯ ಬೇಡ. ಒಂದು ಬಾಲ ಸಾಕು. "ಅಂತೆ".

ಅಪ್ಪ ಹೇಳ್ತಿದ್ದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. "ಭೀಮ ಈ ಬಂಡೆ ಮೇಲೆ ಕೂತು ಗಾಡಿ ಅನ್ನ ತಿಂದನಂತೆ." "ಟಿಪ್ಪುವಿನ ಕುದುರೆಗಳು ಈ ದೊಣೆಯಲ್ಲಿ ನೀರು ಕುಡೀತಿದ್ವಂತೆ." "ಇಲ್ಲೊಂದು ಸುರಂಗ ಇದೆಯಂತೆ." ಒಂದೇ ಒಂದು ಸಲವೂ ಅಪ್ಪ "ಸುರಂಗ ಇದೆ" ಅಂದಿರಲಿಲ್ಲ. ಇದೆಯಂತೆ ಅಂದಿದ್ದರು. ತಾನು ಕಂಡಿಲ್ಲ, ಹಿಂದಿನವರಿಂದ ಕೇಳಿದ್ದು, ನಂಬೋದು ಬಿಡೋದು ನಿನಗೆ ಬಿಟ್ಟದ್ದು ಅಂತ ಆ ಎರಡಕ್ಷರದಲ್ಲಿ ಪ್ರಾಮಾಣಿಕವಾಗಿ ಹೇಳೇ ಇದ್ದರು. ಡಿಗ್ರಿ ಓದ್ತಿದ್ದ ಮಗಳಿಗೆ ಆ ಅಂತೆ ಕೇಳಿಸಲಿಲ್ಲ. ಸುಳ್ಳು ಹೇಳ್ಬೇಡ ಅಂದುಬಿಟ್ಟಳು.

ಬೆಳಗ್ಗೆ ಫೋನ್ ಮಾಡಿದೆ. "ಅಪ್ಪಾ, ನಮ್ಮ ಬೆಟ್ಟದ ಸುರಂಗ ನಂದಿಗೆ ಹೋಗುತ್ತಂತಲ್ಲ, ಆ ಕಥೆ ಹೇಳು."

"ಅಷ್ಟು ದೂರ ಹೋಗಿ ಅದನ್ಯಾಕಮ್ಮ ಕೇಳ್ತೀಯ? ಊಟ ಸರಿಯಾಗಿ ಸಿಗ್ತಾ ಇದೆಯಾ?" ಅಂದರು. ಮಾತು ಅಲ್ಲಿಗೇ ಮುಗಿಯಿತು. ಇಪ್ಪತ್ತಮೂರು ವರ್ಷ ಮುಚ್ಚಿದ ಬಾಗಿಲು ಒಂದು ಫೋನಿಗೆ ತೆಗೆಯುತ್ತಾ?

ಆ ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಅವರೆಕಾಯಿ ಕಾಲ, ಮನೆ ತುಂಬ ಹಿತಕಿದ ಬೇಳೆ ಸಾರಿನ ಘಮ. ಅಪ್ಪನಿಗೆ ಆಗಲೇ ಎಪ್ಪತ್ತು ದಾಟಿತ್ತು, ಮಂಡಿ ನೋವು, ಪೂರ್ತಿ ಹತ್ತೋಕಾಗಲ್ಲ. ಬೆಳಗ್ಗೆ ಬೆಟ್ಟದ ಬುಡಕ್ಕೆ ಕರ್ಕೊಂಡು ಹೋದೆ. ಜೊತೆಗೆ ಚಿಕ್ಕಪ್ಪನ ಮೊಮ್ಮಕ್ಕಳಿಬ್ಬರು. ಮೊದಲನೇ ಬಂಡೆಯವರೆಗೆ ನಿಧಾನವಾಗಿ ಹತ್ತಿ ಕೂತೆವು. ಅಪ್ಪ ಸುಮ್ಮನೆ ಬೀಡಿ ಹಚ್ಚಿದರು. ಸರಿ, ನಾನೇ ಶುರು ಮಾಡೋಣ ಅಂತ ಮಕ್ಕಳಿಗೆ ಹೇಳಿದೆ.

ಮೊದಲು ಓದಿದ್ದು ಹೇಳಿದೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ನಮ್ಮ ಬೆಟ್ಟದ ಹೆಸರಿದೆ, ಟಿಪ್ಪು ಇಲ್ಲಿ ಕೋಟೆ ಕಟ್ಟಿ ಭದ್ರ ಮಾಡಿದ ಅಂತ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಆಮೇಲೆ ಮತ್ತೆ ಶ್ರೀರಂಗಪಟ್ಟಣಕ್ಕೆ ಹೋಗೋ ಮುಂಚೆ ಹಿಂದುಗಡೆಯ ದಾರಿ ಭದ್ರ ಇರಬೇಕಲ್ಲ, ದವಸ ಧಾನ್ಯ ಬರಬೇಕಲ್ಲ. ಅದಕ್ಕೆ ಈ ಕಡೆಯ ಬೆಟ್ಟದ ಕೋಟೆಗಳನ್ನು ಹಿಡಿಯೋಕೆ ಮೇಜರ್ ಗೌಡಿ ಅನ್ನೋನನ್ನು ಕಳಿಸಿದ. ತೋಪು ಹಾರಿಸಿದ ಮೇಲೆ ರಹಮಾನ್‌ಗಢ ಶರಣಾಯಿತು, ಹಿಂದೆಯೇ ಅಂಬಾಜಿದುರ್ಗವೂ. ನಂದಿ ಮಾತ್ರ ಸುಲಭಕ್ಕೆ ಸಿಗಲಿಲ್ಲ, ವಾರಗಟ್ಟಲೆ ಮುತ್ತಿಗೆ ಹಾಕಿ ಅಕ್ಟೋಬರಿನಲ್ಲಿ ಹಿಡಿದರು.

ಅಪ್ಪ ಕಿವಿಗೊಟ್ಟು ಕೇಳ್ತಿದ್ದರು. "ಗೌಡಿ ಅಂದ್ರೆ? ನಮ್ಮ ಗೌಡ್ರ ಪೈಕೀನಾ?" ಅಂದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಪ್ಪನೂ ನಕ್ಕರು. ಆರ್ಕ್ನಿ ಕಥೆಯನ್ನೂ ಹೇಳಿದೆ. ಆ ದ್ವೀಪಗಳು ಮೊದಲು ಸ್ಕಾಟ್ಲೆಂಡಿನದ್ದೇ ಅಲ್ಲ, ನಾರ್ವೆ ಡೆನ್ಮಾರ್ಕ್ ರಾಜನದ್ದು. 1468ರಲ್ಲಿ ಮಗಳ ಮದುವೆಗೆ ವರದಕ್ಷಿಣೆ ದುಡ್ಡು ಹೊಂದಿಸಲಾಗದೆ, ದುಡ್ಡು ಕೊಡೋವರೆಗೆ ಅಂತ ದ್ವೀಪಗಳನ್ನೇ ಅಳಿಯನಿಗೆ ಅಡವಿಟ್ಟ. ಬಿಡಿಸಿಕೊಳ್ಳಲೇ ಇಲ್ಲ. "ಭೋಗ್ಯಕ್ಕೆ ಹಾಕಿದ ಜಮೀನು ವಾಪಸ್ ಬಂದದ್ದು ಎಲ್ಲಿ ನೋಡಿದೀಯ?" ಅಂದರು ಅಪ್ಪ. ಗೈಡಮ್ಮನೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ!

ಆಮೇಲೆ ನಾನು ಧೈರ್ಯ ಮಾಡಿ, ಬೆಟ್ಟದ ತುದಿ ತೋರಿಸಿ ಮಕ್ಕಳಿಗೆ ಹೇಳಿದೆ, "ಅಲ್ಲಿ ಮೇಲೊಂದು ಸುರಂಗ ಇದೆಯಂತೆ. ಅದರಲ್ಲಿ ಹೋದ್ರೆ ನಂದಿ ಬೆಟ್ಟಕ್ಕೆ ಹೋಗಬಹುದಂತೆ."

ಅಪ್ಪ ಬೀಡಿ ಕೆಳಗಿಟ್ಟರು. "ನಂದಿಗೆ ಅಂತ ನಿಂಗ್ಯಾರು ಹೇಳಿದ್ದು?" ಅಂದರು.

"ನೀನೇ ಅಲ್ವಾ ಅಪ್ಪ..."

"ನಾನೆಲ್ಲಿ ಹೇಳಿದೆ? ರಹಮಾನ್‌ಗಢಕ್ಕಂತೆ. ನಂದಿ ಎಲ್ಲಿ, ಇದೆಲ್ಲಿ! ಸುಮ್ನೆ ಏನೇನೋ ಹೇಳ್ಬಾರದು ಮಕ್ಕಳಿಗೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ಬೆಟ್ಟದ ಮೇಲೆ ನಾನು ಅಂದ ಮಾತು ಇಪ್ಪತ್ತಮೂರು ವರ್ಷ ಆದ ಮೇಲೆ ನನಗೇ ವಾಪಸ್ ಬಂದಿತ್ತು. ಅಪ್ಪ ಬೇಕಂತ ಹಾಗಂದರಾ, ಬಾಯಿಗೆ ಬಂದದ್ದಾ, ಇವತ್ತಿಗೂ ಕೇಳಿಲ್ಲ. ಆದರೆ ಅಲ್ಲಿಂದ ಮಾತು ಶುರುವಾಯಿತು. ಅವರ ತಾತ ಹೇಳಿದ ಸುರಂಗ, ಅದರೊಳಗೆ ಹೋದ ಹೋತ ಆಚೆ ಬೆಟ್ಟದಲ್ಲಿ ಕೂಗಿದ್ದು, ಎಲ್ಲ ಬಂತು. ಎಲ್ಲಕ್ಕೂ ತಪ್ಪದೆ ಅಂತೆ.

ಸ್ವಲ್ಪ ಹೊತ್ತಾದ ಮೇಲೆ ಗಮನಿಸಿದೆ, ಅಂತೆ ನಿಂತುಹೋಗಿತ್ತು. ಅಪ್ಪ ತಾನು ಕಂಡದ್ದು ಹೇಳ್ತಿದ್ದರು. ಚಿಕ್ಕವರಿದ್ದಾಗ ಕುರಿ ಮೇಯಿಸೋಕೆ ಮೇಲೆ ಹೋಗ್ತಿದ್ದದ್ದು. ಮಧ್ಯಾಹ್ನ ಚಾವಣಿ ಇಲ್ಲದ ಆ ಕಟ್ಟಡದ ನೆರಳಿನಲ್ಲಿ ತಂಗಳು ಮುದ್ದೆ ಬಿಚ್ಚುತ್ತಿದ್ದದ್ದು. ಬರ ಬಂದ ವರ್ಷ ಊರ ಬಾವಿ ಬತ್ತಿದಾಗ ಹೆಂಗಸರು ದೊಣೆಯ ನೀರಿಗೆ ಕೊಡ ಹೊತ್ತು ಹತ್ತಿದ್ದು, ಅದರಲ್ಲಿ ಅವರ ಅವ್ವನೂ ಇದ್ದದ್ದು. ಸೀತಾಫಲದ ಗಿಡಗಳು ಯಾವ ಕಡೆ ಹೆಚ್ಚು, ಮಳೆಯಲ್ಲಿ ಯಾವ ಬಂಡೆ ಜಾರುತ್ತೆ, ಸಿಡಿಲು ಯಾವ ಬಂಡೆಯ ಮೇಲೆ ಬಿದ್ದು ಏಳು ಕುರಿ ಒಟ್ಟಿಗೆ ಸತ್ತವು. ಇದು ಯಾವ ಗೆಜೆಟಿಯರ್‌ನಲ್ಲೂ ಇಲ್ಲ. ಹಡಗು ಮುಳುಗೋದು ಕಂಡ ಆ ಶಾಲೆ ಮಕ್ಕಳ ಹಾಗೆ, ನನ್ನ ಎದುರಿಗೇ ಒಬ್ಬರು ಕೂತಿದ್ದರು. ಅವರ ಬಾಯಿ ಮುಚ್ಚಿಸಿದ್ದು ನಾನೇ.

ಆ ಕಳ್ಳಿ ವಿಷಯ ಹೇಳ್ತೀನಿ ಅಂದಿದ್ದೆನಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ಗೆಳತಿಯರ ಜೊತೆ ಬೆಟ್ಟ ಹತ್ತಿ, ಆ ಹಳೇ ಕಟ್ಟಡದ ಗೋಡೆ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ನನ್ನ ಹೆಸರು ಬರೆದು ಬಂದಿದ್ದೆ. ಅವತ್ತು ಮಕ್ಕಳ ಜೊತೆ ಮೇಲೆ ಹೋದಾಗ ಹುಡುಕಿದೆ, ಸಿಗಲಿಲ್ಲ. ಬೇರೆಯವರ ಹೆಸರು ಬೇಕಾದಷ್ಟಿತ್ತು, ಬಣ್ಣದಲ್ಲೂ ಇತ್ತು. ಇಳಿದು ಬಂದು ಅಪ್ಪನಿಗೆ ಒಪ್ಪಿಕೊಂಡೆ. "ಗೊತ್ತು. ನೀನು ಬರೆದ ಮಾರನೇ ವಾರವೇ ತೆಂಗಿನ ನಾರು ತಗೊಂಡು ಹೋಗಿ ಉಜ್ಜಿದೆ. ಬಂದವರಿಗೆ ತೋರಿಸುವಾಗ ಅಲ್ಲಿ ನನ್ನ ಮಗಳ ಹೆಸರಿದ್ರೆ ಏನು ಚೆನ್ನ?" ಅಂದರು.

2020ರಲ್ಲಿ ಲಾಕ್‌ಡೌನ್ ಆದಾಗ ಕೆಲವು ತಿಂಗಳು ಊರಿನಲ್ಲೇ ಇದ್ದೆ. ಸಂಜೆ ಜಗಲಿ ಮೇಲೆ ಕೂತು ಅಪ್ಪ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರ್ಕೊಂಡೆ. ಮೂರು ಭಾಗ ಮಾಡಿದ್ದೀನಿ. ಅಂತೆ ಅನ್ನೋದು ಒಂದು, ಪುಸ್ತಕದಲ್ಲಿರೋದು ಒಂದು, ಅಪ್ಪ ಕಂಡದ್ದು ಒಂದು. ಮೂರನೇದು ಎಲ್ಲಕ್ಕಿಂತ ದಪ್ಪ ಆಗಿದೆ. ಈಗ ಭಾನುವಾರ ನಾನು ಊರಲ್ಲಿದ್ದಾಗ ಬೈಕಿನಲ್ಲಿ ಬರೋ ಬೆಂಗಳೂರಿನ ಹುಡುಗರು ದಾರಿ ಕೇಳಿದರೆ, ಅಪ್ಪ ಜಗಲಿಯಿಂದಲೇ "ನಮ್ಮ ಹುಡುಗಿ ಬರ್ತಾಳೆ, ಇರಿ" ಅಂತಾರೆ. ಐವತ್ತರ ಹತ್ತಿರ ಬಂದಿರೋ ಹುಡುಗಿ :-) ಟವಲ್ ಬದಲು ಟೋಪಿ ಹಾಕ್ಕೊಂಡು ಹೊರಡ್ತೀನಿ. ವಾಪಸ್ ಬಂದ ಮೇಲೆ "ಏನೇನು ಹೇಳಿದೆ?" ಅಂತ ಒಂದೊಂದೂ ಕೇಳಿ, ತಪ್ಪಿದ್ದರೆ ತಿದ್ದುತ್ತಾರೆ.

ನೀವು ಬರೋದಾದರೆ ಬೆಳಗ್ಗೆ ಬೇಗ ಬನ್ನಿ, ಬಂಡೆ ಕಾದರೆ ಹತ್ತೋದು ಕಷ್ಟ. ಕುಡಿಯೋ ನೀರು ತನ್ನಿ, ಮೇಲೆ ಅಂಗಡಿ ಇಲ್ಲ. ಮಳೆ ಬಂದಾಗ ಬೇಡ. ತಂದ ಪ್ಲಾಸ್ಟಿಕ್ ಬಾಟಲಿ ನೀವೇ ಕೆಳಗೆ ತನ್ನಿ. ಗೋಡೆ ಮೇಲೆ ಹೆಸರು ಬರೀಬೇಡಿ, ನಾರು ಹಿಡಿದು ಉಜ್ಜೋಕೆ ಅಪ್ಪನಿಗೆ ಈಗ ಆಗಲ್ಲ.

ಕೊನೆಗೆ ಒಂದು ಮಾತು. ನಿಮ್ಮೂರಲ್ಲೂ ಒಂದು ಬೆಟ್ಟವೋ ಕೆರೆಯೋ ಹಾಳು ಗುಡಿಯೋ ಇರುತ್ತೆ, ಅದರ ಪಕ್ಕ ಟವಲ್ ಸುತ್ತಿದ ಒಬ್ಬರು ಇರ್ತಾರೆ. ಅವರು ಸುರಂಗ ಇದೆಯಂತೆ ಅಂದರೆ ದಯವಿಟ್ಟು ಇಲ್ಲ ಅನ್ನಬೇಡಿ. ಎಲ್ಲಿಗೆ ಹೋಗುತ್ತಂತೆ, ಯಾರು ಹೇಳಿದ್ದಂತೆ ಅಂತ ಕೇಳಿ. ಆಮೇಲೆ ಸುಮ್ಮನೆ ಕೂತಿರಿ. ಸ್ವಲ್ಪ ಹೊತ್ತಿಗೆ ಅವರು ಕಂಡದ್ದು ಹೇಳೋಕೆ ಶುರು ಮಾಡ್ತಾರೆ.